ಮೂರು ಬಿಸಿಲಿನ ಸುಳ್ಳು

ಆ ವರ್ಷ ನಮ್ಮ ಮನೆಯ ಮಸಾಲೆ ಖಾರಕ್ಕೆ ಬೂಸ್ಟು ಹಿಡಿದದ್ದು ಜೈತುನಬಿಯ ಕೈಯಿಂದ ಅಲ್ಲ, ನನ್ನಿಂದ. ಇದನ್ನು ನಾನು ಇಪ್ಪತ್ತಾರು ವರ್ಷ ಯಾರ ಮುಂದೆಯೂ ಹೇಳಲಿಲ್ಲ. ಗಂಡನಿಗೆ ಹೇಳಲಿಲ್ಲ, ಹೆತ್ತ ಮಗಳಿಗೆ ಹೇಳಲಿಲ್ಲ. ದಿನಾ ಮುಂಜಾನೆ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂಡುತ್ತೇನಲ್ಲ — ಆ ಶಿವನಿಗೂ ಬಾಯಿಬಿಟ್ಟು ಹೇಳಲಿಲ್ಲ. ಅವನಿಗೆ ಗೊತ್ತೇ ಇದೆಯಲ್ಲ ಎಂದುಕೊಂಡು ಸುಮ್ಮನಿದ್ದೆ. ಅವನಿಗೆ ಗೊತ್ತಿರುವುದು ಬೇರೆ, ನಾನು ಹೇಳುವುದು ಬೇರೆ — ಇಷ್ಟು ತಿಳಿಯಲು ನನಗೆ ಒಂದು ಸಾವು ಬೇಕಾಯಿತು.

ಸುದ್ದಿ ಬಂದಾಗ ಈ ವರ್ಷದ ಖಾರಕ್ಕೆಂದು ತಂದ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದೆ. ನರೇಗಲ್ಲಿನ ಸಂತೆಯಿಂದ ನಮ್ಮವರೇ ಆರಿಸಿ ತಂದಿದ್ದರು, ಬಣ್ಣ ಚೆನ್ನಾಗಿತ್ತು. ಪಡಸಾಲೆಯ ತುಂಬ ಘಾಟು. ಪಕ್ಕದ ಮನೆಯ ನಿಂಗವ್ವ ಗೋಡೆಯ ಮೇಲಿಂದ ಮುಖ ಹಾಕಿದಳು.

"ಏನ ಶಾಂತಕ್ಕಾ, ನಿಮ್ಮ ಮೆಣಸಿನಕಾಯಿ ಘಾಟಿಗೆ ನಮ್ಮನಿಯವರು ಸೀನಿ ಸೀನಿ ಅರ್ಧ ಆಗ್ಯಾರ ನೋಡ. ಅವ್ರಿಗೆ ಮೊದಲ ಅರ್ಧ ಇತ್ತು ಜೀವ!"

ನಕ್ಕೆವು. ಆಮೇಲೆ ಅವಳು ನೆನಪಾದವಳಂತೆ, "ಅಂದಂಗ, ಆಕಿ ಹೋದ್ಲಂತ. ಹಸಿಕೈ ಜೈತುನಬಿ. ಗಜೇಂದ್ರಗಡದಾಗ, ಮಗಳ ಮನ್ಯಾಗ. ಮೊನ್ನೇನ ಮಣ್ಣ ಮಾಡಿದ್ರಂತ. ಚಲೋ ಹೆಣಮಗಳ, ಪಾಪ — ಕೈ ಒಂದು ಹಂಗಿತ್ತು ಅಷ್ಟ," ಎಂದಳು.

ನನ್ನ ಕೈಯಲ್ಲಿ ಒಂದು ಮೆಣಸಿನಕಾಯಿ ಇತ್ತು. ಅದರ ತೊಟ್ಟನ್ನು ತಿರುವಿದೆನೋ ಇಲ್ಲವೋ ನೆನಪಿಲ್ಲ.

ಕೈ ಒಂದು ಹಂಗಿತ್ತು. ನಿಂಗವ್ವ ಈ ಓಣಿಗೆ ಸೊಸೆಯಾಗಿ ಬಂದು ಇನ್ನೂ ಹನ್ನೆರಡು ವರ್ಷ ಆಗಿಲ್ಲ. ಜೈತುನಬಿಯನ್ನು ಅವಳು ಕಣ್ಣಿನಿಂದ ಕಂಡವಳೇ ಅಲ್ಲ. ಆದರೂ ಆ ಹೆಸರು ಅವಳಿಗೆ ಗೊತ್ತು — ನಾನು ಬಾಯಿ ಮುಚ್ಚಿಕೊಂಡಿದ್ದಕ್ಕೆ ಹುಟ್ಟಿದ ಹೆಸರು ಅದು.

ಜೈತುನಬಿ ಯಾರೆಂದು ಹೇಳಬೇಕು. ನಮ್ಮ ಓಣಿಯ ಹಿಂದೆ, ಮಸೀದಿಯ ಮಗ್ಗಲಿನ ಸಾಲಿನಲ್ಲಿ ಅವಳ ಮನೆ. ಗಂಡ ತೀರಿಕೊಂಡಿದ್ದ, ಮಗಳೊಬ್ಬಳನ್ನು ಗಜೇಂದ್ರಗಡಕ್ಕೆ ಕೊಟ್ಟಿದ್ದಳು. ಬೇಸಿಗೆ ಬಂತೆಂದರೆ ಓಣಿಯ ಮನೆಮನೆಗೂ ಅವಳೇ ಬಂದು ವರ್ಷದ ಮಸಾಲೆ ಖಾರ ಮಾಡಿಕೊಡುವವಳು. ಧನಿಯಾ, ಕೊಬ್ಬರಿ, ಲವಂಗ, ಚೆಕ್ಕೆ, ಕಲ್ಲುಹೂ, ಉಳ್ಳಾಗಡ್ಡಿ, ಬೆಳ್ಳುಳ್ಳಿ — ಒಂದೊಂದನ್ನು ಎಷ್ಟೆಷ್ಟು ಹುರಿಯಬೇಕೆಂದು ಅವಳ ಮೂಗಿಗೆ ಗೊತ್ತಿತ್ತು. ಮೆಣಸಿನಕಾಯಿಯನ್ನು ಮಾತ್ರ ಹುರಿಯುತ್ತಿರಲಿಲ್ಲ. ಹುರಿದರೆ ಬಣ್ಣ ಸಾಯುತ್ತದೆ ಎನ್ನುತ್ತಿದ್ದಳು. ಮೂರು ಪೂರಾ ಬಿಸಿಲು ಕಾಣಿಸಿ, ಆ ಕಾವಿನಲ್ಲೇ ಒರಳಿಗೆ ಹಾಕಿ ಕುಟ್ಟುವುದು ಅವಳ ರೀತಿ.

ಅವಳ ಕೈಯ ಬಗ್ಗೆ ಹೇಳಲೇಬೇಕು. ಖಾರಕ್ಕೆ ಕೈ ಹಾಕುವ ಮೊದಲು ಅವಳು ಕೈ ತೊಳೆದು, ಸೆರಗಿಗೆ ಒರೆಸಿ, ಅಷ್ಟಕ್ಕೇ ಬಿಡದೆ ಒಂದು ಹಿಡಿ ಜೋಳದ ಹಿಟ್ಟನ್ನು ಅಂಗೈಗೆ, ಬೆರಳ ಸಂದಿಗೆ ತಿಕ್ಕಿ ಉದುರಿಸುತ್ತಿದ್ದಳು. ಹನಿ ಹಸಿ ಉಳಿಯಬಾರದು. ಆಮೇಲೆ ಒಂದು ಮೆಣಸಿನಕಾಯಿ ಎತ್ತಿ ಕಿವಿಯ ಹತ್ತಿರ ಹಿಡಿದು ಅಲುಗಿಸುವಳು. ಪೂರಾ ಒಣಗಿದ್ದರೆ ಒಳಗಿನ ಬೀಜ ಕೂಸಿನ ಗಿಲಕಿಯ ಹಾಗೆ ಸಪ್ಪಳ ಮಾಡುತ್ತದೆ. "ಮಾತಾಡಾಕ ಹತ್ತ್ಯಾವ್ರಿ," ಎಂದು ನಕ್ಕು ಒನಕೆಗೆ ಕೈ ಹಾಕುವಳು.

ಕುಟ್ಟುವುದು ಮುಗಿದ ಮೇಲೆ ಒರಳಿಗೆ ಅಂಟಿದ ಖಾರವನ್ನು ಕೆರೆದು, ಮೊಳಕೆ ಬಂದ ಮಡಿಕೆಕಾಳಿಗೆ ಹಾಕಿ ಗಟ್ಟಿಯಾಗಿ ಕುದಿಸುತ್ತಿದ್ದೆವು. ಖಾರ ಕುಟ್ಟಿದ ಹೆಣ್ಣುಮಕ್ಕಳೆಲ್ಲ ಅದನ್ನು ಬಿಸಿ ರೊಟ್ಟಿಯ ಜೊತೆ ತಿನ್ನಬೇಕು, ಮೂಗಿನಲ್ಲಿ ನೀರಿಳಿಯಬೇಕು — ಅದು ಆ ದಿನದ ಪದ್ಧತಿ. ಜೈತುನಬಿ ಮಾತ್ರ ತನ್ನ ಪಾಲನ್ನು ಬಟ್ಟಲಿನಲ್ಲಿ ಮನೆಗೆ ಒಯ್ಯುವಳು. ನಮ್ಮ ಅತ್ತೆಯವರು ಅವಳನ್ನು ಕೂತು ಉಣ್ಣು ಎನ್ನುತ್ತಿರಲಿಲ್ಲ, ಅವಳೂ ಕೂಡುತ್ತಿರಲಿಲ್ಲ. ಅದು ಆಗ ನನಗೆ ಏನೂ ಅನ್ನಿಸಿರಲಿಲ್ಲ. ಅದನ್ನೂ ಇಲ್ಲಿ ಬರೆದಿಡುತ್ತೇನೆ.

ನನ್ನ ಮದುವೆಯಾದ ಎರಡನೇ ಬೇಸಿಗೆ. ನಾದಿನಿ ಗಿರಿಜಾ ಬಾಣಂತನ ಮುಗಿಸಿ ಚಿಕ್ಕನರಗುಂದಕ್ಕೆ, ಗಂಡನ ಮನೆಗೆ ಹೊರಡುವವಳಿದ್ದಳು. ಚೊಚ್ಚಲ ಕೂಸು, ತೊಟ್ಟಿಲು, ಕುಂಚಿಗೆ, ಅಂಟಿನುಂಡೆ, ಅದರ ಜೊತೆ ಒಂದು ದೊಡ್ಡ ಭರಣಿ ಮಸಾಲೆ ಖಾರ ಕಳಿಸಬೇಕು. ಬೀಗರು ಅದನ್ನು ಹತ್ತು ಮಂದಿಯ ಮುಂದೆ ತೆಗೆದು ನೋಡುತ್ತಾರೆ. ಆ ಸಲದ ಖಾರವೆಂದರೆ ಮನೆಯ ಮರ್ಯಾದೆ. ಮೆಣಸಿನಕಾಯಿ ಒಣಗಿಸುವ ಕೆಲಸ ನನ್ನದು.

ಎರಡನೇ ಬಿಸಿಲಿನ ದಿನ ಅತ್ತೆಯವರು ಜಕ್ಕಲಿಗೆ, ಸಂಬಂಧಿಕರ ಮನೆಯ ಕಾರ್ಯಕ್ಕೆ ಹೋಗಿದ್ದರು. "ಇಳಿಹೊತ್ತಿಗೆ ಮೆಣಸಿನಕಾಯಿ ಒಳಗ ತಗೀ ಶಾಂತಾ, ಮರೀಬ್ಯಾಡ," ಎಂದು ಹೇಳಿಯೇ ಹೋಗಿದ್ದರು. ನಾನು ಮರೆತೆ. ಮಠದಲ್ಲಿ ಭಜನೆ ಇತ್ತು, ಹೋದೆ. ಇದನ್ನು ನೆಪವೆಂದು ಹೇಳುತ್ತಿಲ್ಲ — ದೇವರ ಹತ್ತಿರ ಹೋಗಿದ್ದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ, ಈಗ ಅದು ಬೇಡ. ತಾಳ ಹಾಕುತ್ತ ಕೂತಿದ್ದಾಗ ಹೊರಗೆ ದಪ್ಪ ಹನಿ ಬಿದ್ದವು. ಅಡ್ಡಮಳೆ. ಅಷ್ಟು ದೂರ ಓಡಿ ಬರುವುದರೊಳಗೆ ಮಾಳಿಗೆಯ ಮೇಲಿನ ಮೆಣಸಿನಕಾಯಿ ತೊಯ್ದು ಹೊಳೆಯುತ್ತಿದ್ದವು.

ಹಳೇ ಧೋತರದಲ್ಲಿ ಒಂದೊಂದನ್ನೇ ಒರೆಸಿದೆ. ಒಲೆಯ ಮಗ್ಗಲಿಗೆ ಹರವಿದೆ. ಮರುದಿನ ಮೋಡದ ನಡುವೆ ಎಳೆಬಿಸಿಲು, ಅದರ ಮರುದಿನ ಮುಂಜಾನೆ ಒಂದಿಷ್ಟು ಬಿಸಿಲು. ಮೇಲಿನ ತೊಗಟೆ ಒಣಗಿ ಗರಗರ ಎನ್ನುವಂತಾಯಿತು. ಒಳಗೆ — ಒಳಗೆ ಏನಿತ್ತೆಂದು ನನಗೆ ಗೊತ್ತಿತ್ತು. ಮಠಕ್ಕೆ ಹೋದದ್ದನ್ನೂ, ಮೆಣಸಿನಕಾಯಿ ತೊಯ್ದದ್ದನ್ನೂ ಅತ್ತೆಗೆ ಹೇಳಲಿಲ್ಲ; ಹನಿ ಬೀಳುವ ಮೊದಲೇ ಒಳಗೆ ತೆಗೆದೆ ಎಂದುಬಿಟ್ಟಿದ್ದೆ. ಅತ್ತೆಯವರು ಹೊಡೆಯುವವರಲ್ಲ. ಆದರೆ ಅವರ ಒಂದು ಮಾತು ಮೂರು ದಿನ ಮನೆಯಲ್ಲಿ ತಿರುಗಾಡುತ್ತಿತ್ತು. ಅದಕ್ಕೆ ಅಂಜಿದೆ. ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ನನ್ನ ಹತ್ತಿರ ಇಲ್ಲ.

ಅಂದೇ ಜೈತುನಬಿ ಬಂದಳು. ಕೈಗೆ ಹಿಟ್ಟು ತಿಕ್ಕಿಕೊಂಡಳು. ಒಂದು ಮೆಣಸಿನಕಾಯಿ ಎತ್ತಿ ಕಿವಿಗೆ ಹಿಡಿದಳು. ಅಲುಗಿಸಿದಳು. ಇನ್ನೊಂದು ಎತ್ತಿದಳು.

"ಯಾಕೋ ಮಾತಾಡವಲ್ವು," ಎಂದು ನನ್ನ ಕಡೆ ತಿರುಗಿದಳು. "ಏನವಾ ಶಾಂತಾ, ಎಷ್ಟು ಬಿಸಲ ಕಂಡಾವ?"

ಅತ್ತೆಯವರು ಅಲ್ಲೇ ಕೂತು ಕೊಬ್ಬರಿ ಹೆರೆಯುತ್ತಿದ್ದರು.

"ಮೂರು ಬಿಸಲ ಕಂಡಾವ್ರಿ," ಎಂದೆ.

ಅವಳು ನನ್ನ ಮುಖ ನೋಡಿದಳು. ಹಣೆ ನೋಡಿದಳು — ಪೂಜೆ ಮುಗಿಸಿ ಬಂದಿದ್ದೆ, ವಿಭೂತಿ ಇನ್ನೂ ಬೆಳ್ಳಗಿತ್ತು. ಆಮೇಲೆ ನಕ್ಕಳು. "ಹಂಗಾರ ನನ್ನ ಕಿವಿಗೇ ವಯಸ್ಸಾತು ಬಿಡ. ತಾ ಒನಕಿ."

ಕುಟ್ಟುವಾಗ ಖಾರ ಒರಳಿಗೆ ಹತ್ತಿಕೊಳ್ಳುತ್ತಿತ್ತು, ಜರಡಿಯಲ್ಲಿ ಇಳಿಯಲು ಹಟ ಮಾಡುತ್ತಿತ್ತು. ಅವಳು ಎರಡು ಸಲ ಕೈ ನಿಲ್ಲಿಸಿದಳು. ಮತ್ತೆ ಒನಕೆ ಎತ್ತಿ, ನನ್ನ ಮಾತಿನ ಮೇಲೆ ಭಾರ ಹಾಕಿ ಕುಟ್ಟಿದಳು. ಅಂದಿನ ಮಡಿಕೆಕಾಳಿನ ರುಚಿಯನ್ನು ಎಲ್ಲರೂ ಹೊಗಳಿದರು. ಖಾರ ಆ ದಿನ ಚೆನ್ನಾಗಿಯೇ ಇತ್ತು. ಕೆಡುವುದು ಆಮೇಲೆ, ಮುಚ್ಚಿಟ್ಟ ಭರಣಿಯ ಒಳಗೆ.

ತಿಂಗಳು ಕಳೆಯುವುದರೊಳಗೆ ಭರಣಿ ಚಿಕ್ಕನರಗುಂದದಿಂದ ತಿರುಗಿ ಬಂತು. ಬೀಗಿತಿ ಹತ್ತು ಮಂದಿಯ ಮುಂದೆ ಭರಣಿಯ ಬಾಯಿ ಬಿಚ್ಚಿದಾಗ ಮೇಲೆಲ್ಲ ಬೆಕ್ಕಿನ ಕೂದಲಿನಂಥ ಬೂದು ಬೂಸ್ಟು ಇತ್ತಂತೆ. "ನಿಮ್ಮ ಮನಿ ಬೂಸ್ಟು ನಿಮ್ಮಲ್ಲೇ ಇರ್ಲಿ," ಎಂದು ಹೇಳಿ ಕಳಿಸಿದ್ದಳು. ನಮ್ಮ ಮನೆಯ ಭರಣಿಗಳನ್ನು ತೆಗೆದು ನೋಡಿದೆವು. ಅವೂ ಹಾಗೇ.

ಅತ್ತೆಯವರ ಮುಖ ಕೆಂಪಾಯಿತು. ಜೈತುನಬಿಗೆ ಹೇಳಿ ಕಳಿಸಿದರು. ಅವಳು ಬರುವುದರೊಳಗೆ ಕಟ್ಟೆಯ ಮೇಲೆ ನಿಂತಿದ್ದರು. ಓಣಿಯ ಅರ್ಧ ಮಂದಿ ಬಾಗಿಲಿಗೆ ಬಂದಿದ್ದರು.

"ಹಸಿ ಕೈಲೆ ಮುಟ್ಟೀದಿ ನೀನು! ನನ್ನ ಮಗಳ ಮಾರಿಗೆ ಮಸಿ ಬಳದಿ!"

"ಇಲ್ರಿ ಅಮ್ಮಾರ," ಎಂದಳು ಜೈತುನಬಿ. ಅವಳ ದನಿ ಏರಲಿಲ್ಲ. "ಹಿಟ್ಟು ತಿಕ್ಕೊಂಡ ಮುಟ್ಟೀನಿ. ನೀವ ನೋಡೀರಿ."

"ಹಂಗಾರ ಮೆಣಸಿನಕಾಯಿ ತಮ್ಮಟ್ಟಿಗೆ ತಾವ ಬೂಸ್ಟು ತರಿಸ್ಕೊಂಡ್ವೇನ?"

ಆಗ ಅವಳು ನನ್ನ ಕಡೆ ನೋಡಿದಳು. ಬಾಗಿಲ ಹಿಂದೆ ನಿಂತಿದ್ದೆ. ಸಿಟ್ಟಿನಿಂದ ನೋಡಲಿಲ್ಲ. ಕಳೆದುಹೋದ ಸಾಮಾನನ್ನು ನೀನೇನಾದರೂ ಕಂಡೆಯಾ ಎಂದು ಕೇಳುವವರ ಹಾಗೆ ನೋಡಿದಳು.

"ಶಾಂತಾ, ಖರೇನ ಮೂರು ಬಿಸಲಾ ಅವ್ವಾ?"

ಒಂದು ಉಸಿರಿನಷ್ಟು ಹೊತ್ತು ಇತ್ತು. ಅಷ್ಟರಲ್ಲಿ ನಾನು — ಆ ಉಸಿರಿಗೆ ಎಷ್ಟು ಸಲ ತಿರುಗಿ ಹೋಗಿದ್ದೇನೋ.

"ಹೌದ್ರಿ," ಎಂದೆ.

ಅವಳು ತನ್ನ ಎರಡೂ ಅಂಗೈಯನ್ನು ಬಿಡಿಸಿ ನೋಡಿಕೊಂಡಳು. ಹೊಸದಾಗಿ ಯಾರೋ ಕೊಟ್ಟಿದ್ದನ್ನು ನೋಡುವ ಹಾಗೆ. ಆಮೇಲೆ ಸೆರಗು ತಲೆಗೆ ಎಳೆದುಕೊಂಡು ಹೋದಳು.

ಆ ವರ್ಷದಿಂದ ಓಣಿಯಲ್ಲಿ ಯಾರೂ ಅವಳನ್ನು ಕರೆಯಲಿಲ್ಲ. ಹಸಿಕೈ ಎಂಬ ಹೆಸರು ಅಂಟಿತು. ಮುಂದಿನ ಬೇಸಿಗೆ ಬರುವ ಮೊದಲೇ ಅವಳು ಮನೆಗೆ ಬೀಗ ಹಾಕಿ ಮಗಳ ಊರಿಗೆ ಹೋದಳು.

ನನಗೊಂದು ರೂಢಿ ಇದೆ. ಪೂಜೆಯಾದ ಮೇಲೆ ಬೆರಳ ಗೆಣ್ಣಿನ ಮೇಲೆ ದೇವರ ದಯೆಗಳನ್ನು ಎಣಿಸುತ್ತೇನೆ. ಹಾಲು ಒಡೆಯಲಿಲ್ಲ, ಒಂದು. ಮಗಳ ಜ್ವರ ಇಳಿಯಿತು, ಎರಡು. ಸಣ್ಣ ಸಣ್ಣವೇ; ದೊಡ್ಡದನ್ನು ಕೇಳಿದವಳಲ್ಲ. ಜೈತುನಬಿ ಅಂಗೈ ನೋಡಿಕೊಂಡು ಹೋದ ಮರುದಿನ ಮುಂಜಾನೆಯೂ ಎಣಿಸಿದೆ. ಮೊದಲನೇ ಗೆಣ್ಣಿನ ಮೇಲೆ ಎಣಿಸಿದ್ದು — ಅತ್ತೆ ನನ್ನನ್ನು ಬೈಯಲಿಲ್ಲ.

ಅದನ್ನು ದೇವರ ದಯೆ ಎಂದು ಎಣಿಸಿದೆ. ಕೈ ಮುಗಿದೆ.

ನಡುವೆ ಒಮ್ಮೆ ಅವಳು ಸಿಕ್ಕಿದ್ದಳು. ಮಗಳಿಗೆ ಸೀರೆ ಕೊಳ್ಳಲು ಗಜೇಂದ್ರಗಡಕ್ಕೆ ಹೋದಾಗ, ಅಂಗಡಿಯ ಮೆಟ್ಟಿಲ ಹತ್ತಿರ. ಮುದುಕಿಯಾಗಿದ್ದಳು. ನನ್ನ ಕೆನ್ನೆ ಮುಟ್ಟಲು ಕೈ ಎತ್ತಿದವಳು ಮುಟ್ಟದೆ ಇಳಿಸಿದಳು. "ಖಾರ ಈಗ ಯಾರು ಕುಟ್ತಾರವಾ?" ಎಂದು ಕೇಳಿದಳು. "ಗಿರಣಿಗೆ ಕಳಸ್ತೀವ್ರಿ," ಎಂದೆ. "ಕೊಬ್ರಿ ಕಡೀಗೆ ಹುರೀರಿ, ಲಗೂ ಹುರದ್ರ ಎಣ್ಣಿ ಬಿಡತೈತಿ," ಎಂದಳು. ನಾನು ಹೇಳಬಹುದಿತ್ತು. ಬಸ್ಸಿಗೆ ಹೊತ್ತಾಗಿರಲಿಲ್ಲ. ಮಗಳು ಸೀರೆ ನೋಡುವುದರಲ್ಲಿ ಇದ್ದಳು. ಹೇಳಲಿಲ್ಲ.

ಸುದ್ದಿ ಬಂದ ಮರುದಿನ ನಾನೊಬ್ಬಳೇ ಬಸ್ಸು ಹತ್ತಿದೆ. ಒಂದು ಡಜನ್ ಬಾಳೆಹಣ್ಣು ಒಯ್ದೆ. ಇನ್ನೇನು ಒಯ್ಯಬೇಕೋ ತಿಳಿಯಲಿಲ್ಲ. ಅವಳ ಮಗಳು ಮುಮತಾಜ ಬಾಗಿಲಲ್ಲೇ ಗುರುತು ಹಿಡಿದು ಒಳಗೆ ಕರೆದಳು. ಗೋಡೆಗೆ ಅರ್ಧ ಹೊಲಿದ ಕೌದಿ ಮಡಚಿಟ್ಟಿತ್ತು. ಬಚ್ಚಲ ಕಟ್ಟೆಯ ಮೇಲೆ, ಸಾಬೂನಿನ ಪಕ್ಕದಲ್ಲಿ, ಒಂದು ಸಣ್ಣ ಡಬ್ಬಿಯಲ್ಲಿ ಜೋಳದ ಹಿಟ್ಟು.

ನನ್ನ ಕಣ್ಣು ಅಲ್ಲಿ ನಿಂತದ್ದನ್ನು ಮುಮತಾಜ ನೋಡಿದಳು.

"ಅದು ಅವ್ವಂದರಿ. ತೆಗೀಬೇಕಂತೀನಿ, ಕೈ ಬರವಲ್ದು. ದಿನಾ ತಿಕ್ಕೊಂತಿದ್ಲು. ಚರ್ಮ ಸೀಳಿ ರಕ್ತ ಬರೂತನಕ. ಆದ್ರ ಒಂದ ದಿನಾ ಖಾರಾ ಮುಟ್ಟಲಿಲ್ರಿ ಇಲ್ಲಿಗೆ ಬಂದ ಮ್ಯಾಲ. ಉಪ್ಪಿನಕಾಯಿ ಭರಣಿ ಸೈತ ಮುಟ್ಟಲಿಲ್ಲ. ನನ್ನ ಮಗಳ ಮದುವ್ಯಾಗ ಅಡಿಗಿಮನಿ ಹೊಸ್ತಲಾ ದಾಟಲಿಲ್ಲ — ನನ್ನ ಕೈ ಕೆಟ್ಟೈತಿ, ಚಲೋ ಕಾರ್ಯದಾಗ ಬ್ಯಾಡ ಅಂತ. ಕೌದಿ ಹೊಲಕೊಂತ ಕುಂತ ಬಿಟ್ಲು. ಅರಿವಿ ಕೆಡಂಗಿಲ್ಲ ನೋಡ, ಯಾವ ಕೈ ಮುಟ್ಟಿದ್ರೂ, ಅಂತಿದ್ಲು."

ನಾನು ತಂದ ಬಾಳೆಹಣ್ಣನ್ನು ಕೌದಿಯ ಪಕ್ಕದಲ್ಲಿಟ್ಟೆ.

"ಒಮ್ಮೆ ದವಾಖಾನಿಗೆ ಹೋಗಿ ಡಾಕ್ಟರ್ ಮುಂದ ಎರಡೂ ಕೈ ಚಾಚಿ ಕುಂತಿದ್ಲು. ನನ್ನ ಕೈ ಒಳಗಿಂದ ಬೆವರತಾವೇನ ನೋಡ್ರಿ ಅಂತ. ಅವ್ರು ನಕ್ಕ ಕಳಿಸಿದ್ರು." ಮುಮತಾಜ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಾ ಭಾಳ ಹೇಳಿದ್ನಿ. ಅವ್ವಾ, ಮೆಣಸಿನಕಾಯೇ ಹಸಿ ಇದ್ದಾವು ತಗೀ, ಆಕಿ ಸುಳ್ಳ ಹೇಳ್ಯಾಳ ಅಂದ್ನಿ. ಸಿಟ್ಟಿಗೇಳತಿದ್ಲು ನನ್ನ ಮ್ಯಾಲ. ಆ ಹುಡಿಗಿ ಪೂಜಿ ಮಾಡಿ ವಿಭೂತಿ ಹಚ್ಚಿಕೊಂಡ ಬಂದಿದ್ಲು, ಆಕಿ ಬಾಯಾಗ ಸುಳ್ಳ ಬರಂಗಿಲ್ಲ. ಆಕಿ ಮೂರು ಅಂದ್ರ ಮೂರ. ಕೆಟ್ಟಿದ್ದು ನನ್ನ ಕೈ — ಹಿಂಗಂತಿದ್ಲು."

ಇಷ್ಟು ವರ್ಷ ನಾನು ಅಂದುಕೊಂಡಿದ್ದು ಬೇರೆ. ಅವಳಿಗೆ ನನ್ನ ಸುಳ್ಳು ಗೊತ್ತಿದೆ, ನನ್ನನ್ನು ಒಳಗೊಳಗೇ ಶಪಿಸುತ್ತಿರಬೇಕು ಎಂದು. ಆ ಶಾಪವನ್ನು ತಿನ್ನುತ್ತ ಬದುಕುತ್ತಿದ್ದೇನೆ ಎಂದು ನನ್ನ ಮೇಲೆ ನಾನೇ ಕರುಣೆ ಪಟ್ಟಿದ್ದೂ ಉಂಟು. ಅವಳು ಶಪಿಸಿರಲಿಲ್ಲ. ನಂಬಿದ್ದಳು. ನನ್ನನ್ನು ನಂಬಲು ತನ್ನ ಕಿವಿಯನ್ನು, ತನ್ನ ಕೈಯನ್ನು ಬಿಟ್ಟುಕೊಟ್ಟಿದ್ದಳು.

ಹೇಳಿದೆ. ಭಜನೆ, ಮಳೆ, ಧೋತರದಲ್ಲಿ ಒರೆಸಿದ್ದು — ಎಲ್ಲ. ತೊಯ್ದ ಮೇಲೆ ಒಂದು ಪೂರಾ ಬಿಸಿಲು ಕೂಡ ಕಂಡಿರಲಿಲ್ಲ ಎಂದೆ. ಹೇಳುವಾಗ ನನಗೆ ಅಳು ಬರಲಿಲ್ಲ, ಬರಬಾರದು ಎಂದು ನಾಲಿಗೆ ಕಚ್ಚಿ ಹಿಡಿದಿದ್ದೆ. ಅತ್ತರೆ ಅವಳು ನನ್ನನ್ನು ಸಮಾಧಾನ ಮಾಡಬೇಕಾಗುತ್ತಿತ್ತು.

ಮುಮತಾಜ ಕೌದಿಯ ಅಂಚನ್ನು ಬೆರಳಿನಿಂದ ಒತ್ತುತ್ತ ಕೂತಳು.

"ಹೋದ ವಾರ ಬರಬಾರದಿತ್ತೇನ್ರಿ?" ಎಂದಳು ಕೊನೆಗೆ. "ಹೋದ ವಾರ ಮಾತಾಡತಿದ್ಲು. ಶುದ್ಧಿ ಇತ್ತು."

ಅವಳು ಎದ್ದು ಚಹಾ ತಂದಿಟ್ಟಳು. ಮನೆಗೆ ಬಂದವರಿಗೆ ಕೊಡುವ ಚಹಾ. ಅದರಲ್ಲಿ ಕ್ಷಮೆ ಇರಲಿಲ್ಲ, ನಾನೂ ಹುಡುಕಲಿಲ್ಲ. "ಕುಡೀರಿ, ಆರತೈತಿ," ಎಂದಳು. ಕುಡಿದೆ. ಹೊರಡುವಾಗ ಅವಳು ಬಾಗಿಲ ತನಕ ಬರಲಿಲ್ಲ.

ಮನೆಗೆ ಬಂದು ಅತ್ತೆಯವರ ಮುಂದೆ ಕೂತೆ. ಈಗ ಅವರಿಗೆ ಎಂಬತ್ತರ ಮೇಲೆ. ಕಣ್ಣು ಮಂದ, ಕಿವಿ ಚುರುಕು. ಎಲ್ಲ ಕೇಳಿಸಿಕೊಂಡರು. ಬೈಯುತ್ತಾರೆಂದು ಕಾದೆ. ಆ ಬೈಗುಳ ಇಪ್ಪತ್ತಾರು ವರ್ಷ ತಡವಾಗಿಯಾದರೂ ನನ್ನ ಪಾಲಿಗೆ ಬರಲಿ ಎಂದು ಆಸೆಯೇ ಆಯಿತು.

"ಕಟ್ಟಿ ಮ್ಯಾಲ ನಿಂತ ಒದರಿದಾಕಿ ನಾನು," ಎಂದರು. "ನನ್ನ ಬಾಯಿಲೆ ಪಾಪಾ ಮಾಡ್ಸಿದೆಲ್ಲವಾ ಶಾಂತಾ."

ಅಷ್ಟೇ. ಗೋಡೆಯ ಕಡೆ ತಿರುಗಿ ಮಲಗಿದರು. ಅಂದು ಉಣ್ಣಲಿಲ್ಲ.

ಇಂದು ಮುಂಜಾನೆ ಪೂಜೆಗೆ ಕೂತಾಗ ಶಿವನಿಗೆ ಬಾಯಿಬಿಟ್ಟು ಹೇಳಿದೆ. ಆಮೇಲೆ ಬೆರಳು ಎಣಿಸಲು ಹೋಗಿ ಮೊದಲನೇ ಗೆಣ್ಣಿನಲ್ಲೇ ನಿಲ್ಲಿಸಿದೆ. ಇಪ್ಪತ್ತಾರು ವರ್ಷದ ಹಿಂದೆ ಎಣಿಸಿದ್ದನ್ನು ತಿರುಗಿ ಕೊಡಬೇಕಿತ್ತು, ಹೇಗೆಂದು ತಿಳಿಯಲಿಲ್ಲ.

ಗಿರಣಿಗಿಂತ ಒರಳಿನ ಖಾರವೇ ಬೇಕೆಂದು ಮಗಳು ಹಟ ಮಾಡಿದ್ದಳೆಂದು ಈ ವರ್ಷ ಓಣಿಯ ಹೆಣ್ಣುಮಕ್ಕಳನ್ನು ಕುಟ್ಟಲು ಕರೆದಿದ್ದೆ. ನಾಲ್ಕು ಮಂದಿ ಬಂದರು. ನಿಂಗವ್ವ ಸೆರಗು ಸೊಂಟಕ್ಕೆ ಸಿಗಿಸಿಕೊಂಡೇ ಬಂದಳು. "ಮಡಿಕಿಕಾಳು ನೆನಸೀಯೋ ಇಲ್ಲೋ ಮೊದಲ ಹೇಳ. ಅದರ ಸಲುವಾಗೇ ಬಂದಾಕಿ ನಾನು!"

ಮೆಣಸಿನಕಾಯಿಯ ಚೀಲವನ್ನು ಒರಳಿನ ಹತ್ತಿರ ತಂದೆ. ಜೋಳದ ಹಿಟ್ಟನ್ನು ಅಂಗೈಗೆ ತಿಕ್ಕಿಕೊಂಡೆ. ಒಂದು ಕಾಯಿ ಎತ್ತಿ ಕಿವಿಗೆ ಹಿಡಿದು ಅಲುಗಿಸಿದೆ. ಇನ್ನೊಂದು. ಮತ್ತೊಂದು. ಎರಡು ದಿನ ನಾನು ಊರಾಡಿ, ಅತ್ತು, ಬಿಸಿಲಿಗೆ ಹಾಕುವುದನ್ನೇ ಬಿಟ್ಟಿದ್ದೆ.

"ಇವತ್ತು ಕುಟ್ಟೂದಿಲ್ಲ," ಎಂದೆ. "ಇವಕ್ಕ ಒಂದ ಬಿಸಲ ಅಷ್ಟ ಆಗೈತಿ. ಇನ್ನೂ ಎರಡು ಬೇಕು."

"ಅಯ್ಯ, ಗರಗರ ಅಂತಾವ ತಗೀ. ಯಾರಿಗೆ ತಿಳೀತೈತಿ?"

"ಕುಂಡ್ರ ನಿಂಗವ್ವಾ," ಎಂದೆ. "ಎಲ್ಲಾರೂ ಕುಂಡ್ರಿ. ಜೈತುನಬಿ ಕೈ ಹಸಿ ಇರಲಿಲ್ಲ. ಅದನ್ನ ಹೇಳಬೇಕು ನಿಮಗ."

ಒರಳಿನ ಸುತ್ತ ಕೂತರು. ಹೇಳಿದೆ. ಮುಗಿದ ಮೇಲೆ ನಿಂಗವ್ವ ಸಿಗಿಸಿದ ಸೆರಗನ್ನು ಬಿಚ್ಚಿ, ನನ್ನ ಮುಖ ನೋಡದೆ ಎದ್ದು ಹೋದಳು. ಉಳಿದವರೂ ಒಬ್ಬೊಬ್ಬರಾಗಿ ಹೋದರು. ಸಂಜೆಯೊಳಗೆ ಓಣಿಗೆಲ್ಲ ತಿಳಿಯುತ್ತದೆ. ತಿಳಿಯಲಿ. ಕೇಳಬೇಕಾದವಳು ಕೇಳಲಾರಳು — ಅದನ್ನು ಈ ಓಣಿ ಸರಿಮಾಡಲಾರದು, ನಾನೂ ಮಾಡಲಾರೆ.

ಬಿಸಿಲು ಏರಿತ್ತು. ಚೀಲ ಹೊತ್ತು ಮಾಳಿಗೆ ಹತ್ತಿದೆ. ಹಳೇ ಸೀರೆ ಹಾಸಿ, ಮೆಣಸಿನಕಾಯಿ ಸುರುವಿ, ಒಂದರ ಮೇಲೊಂದು ಬೀಳದಂತೆ ಕೈಯಿಂದ ಹರವತೊಡಗಿದೆ.